ಕಲಾಯಿಯಿಂದ ಸ್ಟೀಲಿನವರೆಗೆ: ಗಡಿನಾಡಿನ ನೀರಿನ ಪಾತ್ರೆಗಳ ತುಕ್ಕಿನ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)

ಶೀರ್ಷಿಕೆ ನೋಡಿ ಕೆಲವರು ನಿನ್ನೆಯೇ ಮೆಸೇಜ್ ಮಾಡಿದ್ದರು, "ಕನ್ನಡ ವಿಭಾಗದವರಿಗೆ ತುಕ್ಕಿನ ಉಸಾಬರಿ ಯಾಕೆ?" ಅಂತ. ಆ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಮೊದಲು ಈ ವಿಷಯ ನನಗೆ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ.

ನನ್ನ ಸೋದರಮಾವ ಇಚಲಕರಂಜಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದವರು. ಅವರು ಬೆಸುಗೆ ಹಾಕಿದ ಒಂದು ಸ್ಟೇನ್‌ಲೆಸ್ ಸ್ಟೀಲಿನ ನೀರಿನ ಟಾಕಿ ಬಿಯರ್ ತಯಾರಿಸುವ ಒಂದು ಬ್ರೂವರಿಗೆ ಹೋಗಿತ್ತು. ಕೆಲವೇ ವಾರಗಳಲ್ಲಿ ಫೋಟೋ ಬಂತು. ಒಳಗಡೆ, ಬೆಸುಗೆಯ ಗೆರೆಯ ಪಕ್ಕದಲ್ಲಿ ಅರಿಶಿನ-ಕುಂಕುಮ ಕಲಸಿ ಚಿಮುಕಿಸಿದ ಹಾಗೆ ಕಿತ್ತಳೆ ಬಣ್ಣದ ಚುಕ್ಕೆಗಳು. "ಕಳಪೆ ಮಾಲು ಹಾಕಿದ್ದೀರಿ" ಅಂತ ಗಿರಾಕಿ, "ವೆಲ್ಡಿಂಗ್ ಸರಿ ಮಾಡಿಲ್ಲ" ಅಂತ ಮಾಲೀಕರು. ಕೊನೆಗೆ ಮಾಮಾನ ಪಗಾರದಲ್ಲಿ ದುಡ್ಡು ಕಡಿತವಾಯಿತು. ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಸ್ಟೀಲಿಗೆ ತುಕ್ಕು ಹೆಂಗ ಹಿಡೀತು?" ಮಾಮಾ ಮಾತ್ರ, "ಸ್ಟೀಲಿಗೆ ತುಕ್ಕ ಹತ್ತಂಗಿಲ್ಲ ಅಂತ ಹೇಳಿದವ್ರ ಯಾರು? ನೋಡ್ಕೊಳ್ಳಲಿಲ್ಲಂದ್ರ ಯಾವುದಕ್ಕರ ಹತ್ತತೈತಿ" ಅಂದರು.

ಈ ಪ್ರಬಂಧ ಆ ಮಾತಿನ ವಿಸ್ತರಣೆ. ನನ್ನ ವಾದ ಇಷ್ಟೇ: ಗಡಿನಾಡಿನಲ್ಲಿ ತಾಮ್ರ-ಹಿತ್ತಾಳೆಯ ಪಾತ್ರೆಗಳು ಹೋಗಿ ಸ್ಟೀಲು ಬಂದಾಗ ಬದಲಾದದ್ದು ಲೋಹ ಮಾತ್ರ ಅಲ್ಲ. ಪಾತ್ರೆಗೆ ಆರೈಕೆ ಬೇಕು ಎಂಬ ತಿಳಿವಳಿಕೆ, ಆ ಆರೈಕೆ ಮಾಡುವವನಿಗೆ ಇದ್ದ ಹೆಸರು, ಎರಡೂ ನಮ್ಮ ಮಾತಿನಿಂದ ಜಾರಿಹೋದವು. ಆರೈಕೆಯ ಅಗತ್ಯ ಮಾತ್ರ ಹೋಗಲಿಲ್ಲ.

1. ಮೂರು ಊರು, ಒಂದು ಲೋಹದ ಸೀಮೆ

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಇಂದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯಲ್ಲಿವೆ. ಸಾಹಿತ್ಯ ಚರಿತ್ರೆಯಲ್ಲಿ ಈ ಸೀಮೆ ನಮಗೆ ಗೊತ್ತಿರುವುದು ಬೇರೆ ಕಾರಣಕ್ಕೆ. 12ನೆಯ ಶತಮಾನದಲ್ಲಿ ಇಲ್ಲಿನ ಶಿಲಾಹಾರರ ಆಶ್ರಯದಲ್ಲಿ ಕರ್ಣಪಾರ್ಯ 'ನೇಮಿನಾಥಪುರಾಣ' ಬರೆದ. ಖಿದ್ರಾಪುರದ ಕೊಪ್ಪೇಶ್ವರ ದೇವಾಲಯಕ್ಕೆ ಹೋದರೆ ಕನ್ನಡ ಶಾಸನಗಳಿವೆ. ಗಡಹಿಂಗ್ಲಜದ ಹಿರಣ್ಯಕೇಶಿ ನದಿ ಮುಂದೆ ಸಂಕೇಶ್ವರದ ಕಡೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಅಲ್ಲಿನ ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ, ದಖನಿಯೂ ಕಿವಿಗೆ ಬೀಳುತ್ತದೆ.

ಶಾಸನ, ಗುಡಿ, ಕವಿ ಇವೆಲ್ಲ ದಾಖಲಾಗಿವೆ. ಆದರೆ ಇದೇ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ, ಅದು ಕಬ್ಬಿಣದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದ್ದು 1903ರಲ್ಲಿ. ಮರುವರ್ಷವೇ, 1904ರಲ್ಲಿ, ಇಚಲಕರಂಜಿಗೆ ವಿಠ್ಠಲರಾವ್ ದಾತಾರ ಅವರು ಮೊದಲ ವಿದ್ಯುತ್ ಮಗ್ಗ ತಂದರು. ಆಗಿನ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಅವರ ಪ್ರೋತ್ಸಾಹವೂ ಇತ್ತು. ಕೊಲ್ಲಾಪುರದಲ್ಲಿ ಆಯಿಲ್ ಎಂಜಿನ್ನು, ಎರಕದ ಫೌಂಡ್ರಿಗಳು ಬೆಳೆದವು. ಮಗ್ಗ ಬಂದ ಮೇಲೆ ಬಣ್ಣ ಹಾಕುವ ಘಟಕಗಳು ಬಂದವು, ಬಣ್ಣ ಮತ್ತು ಆಮ್ಲ ತಡೆಯಬಲ್ಲ ಸ್ಟೇನ್‌ಲೆಸ್ ತೊಟ್ಟಿಗಳು ಬೇಕಾದವು. 1963ರಲ್ಲಿ ಕೊಲ್ಲಾಪುರ ಜಿಲ್ಲಾ ಹಾಲು ಒಕ್ಕೂಟ, ಅಂದರೆ ಎಲ್ಲರ ಬಾಯಲ್ಲಿರುವ 'ಗೋಕುಳ', ಸ್ಥಾಪನೆಯಾಯಿತು. ಇಂದಿನ ಹಾಲಿನ ಡೈರಿ ಅಂದರೇನೇ ಸ್ಟೇನ್‌ಲೆಸ್ ಟಾಕಿ, ಸ್ಟೇನ್‌ಲೆಸ್ ಪೈಪು. ಹಾಲಿಗೆ, ಬಣ್ಣಕ್ಕೆ ಟಾಕಿ ಮಾಡುವ ಕೈಗೆ ಬಿಯರಿನ ನೀರಿಗೂ ಟಾಕಿ ಮಾಡುವುದು ದೊಡ್ಡದಲ್ಲ. ಮಾಮಾನ ಶೆಡ್ಡು ಹೀಗೆ ಹುಟ್ಟಿದ ಕಸುಬಿನದು.

2. ತುಕ್ಕು, ಕಿಲುಬು, ಜಂಗು

ಈಗ ಶಬ್ದಗಳಿಗೆ ಬರೋಣ. ಕನ್ನಡದಲ್ಲಿ ಲೋಹ ಕೆಡುವುದಕ್ಕೆ ಒಂದೇ ಪದ ಇಲ್ಲ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹಸಿರು ಬಣ್ಣ, ಬಾಯಿಗೆ ಒಗರು, ಹೊಟ್ಟೆಗೆ ಕೇಡು. ಈ ಕಿಲುಬಿಗೆ ತಮಿಳಿನ 'ಕಳಿಂಬು', ತೆಲುಗಿನ 'ಚಿಲುಮು' ಬಂಧುಗಳು, ಅಂದರೆ ಇದು ಹಳೆಯ ದ್ರಾವಿಡ ಪದ. ಉತ್ತರ ಕರ್ನಾಟಕದಲ್ಲಿ 'ಜಂಗು' ಅಂತಲೂ ಅನ್ನುತ್ತಾರೆ, ಅದು ಫಾರ್ಸಿಯ 'ಜಂಗ್'. ಗಡಿ ದಾಟಿದರೆ ಮರಾಠಿಯಲ್ಲಿ 'ಗಂಜ'. ಇದಲ್ಲದೆ ಮರಾಠಿಗೆ 'ಕಳಕಣೆ' ಎಂಬ ಕ್ರಿಯಾಪದ ಇದೆ: ಕಲಾಯಿ ಹೋದ ಪಾತ್ರೆಯಲ್ಲಿಟ್ಟ ಹುಳಿ ಪದಾರ್ಥ ಕೆಡುವುದು. ಇದೇ ಅರ್ಥದಲ್ಲಿ ನಮ್ಮ ಆಯಿ "ಸಾರು ಕಿಲುಬೈತಿ, ಚೆಲ್ಲ" ಅನ್ನುತ್ತಿದ್ದರು. ಪಾತ್ರೆಯ ರೋಗ ಸಾರಿಗೂ ಅಂಟುತ್ತದೆ ಎಂಬ ತಿಳಿವಳಿಕೆ ಆ ಒಂದು ಕ್ರಿಯಾಪದದಲ್ಲಿದೆ.

ಇಲ್ಲಿ ಒಂದು ತಾತ್ವಿಕ ಎಳೆಯನ್ನೂ ಗಮನಿಸಬೇಕು. ಶೈವ ಸಿದ್ಧಾಂತದಲ್ಲಿ ಜೀವ ಮತ್ತು ಆಣವ ಮಲದ ಸಂಬಂಧ ಹೇಳಲು ತಾಮ್ರ ಮತ್ತು ಕಿಲುಬಿನ ದೃಷ್ಟಾಂತ ಕೊಡುತ್ತಾರೆ. ಕಿಲುಬು ಹೊರಗಿನಿಂದ ಬಂದು ಕೂತ ಧೂಳಲ್ಲ, ತಾಮ್ರದ ಜೊತೆಗೇ ಇರುವಂಥದ್ದು ಅನ್ನುವುದು ಅಲ್ಲಿನ ತಾತ್ಪರ್ಯ. ಮಾಮಾನ ಟಾಕಿಯ ಜಗಳವೂ ಇದೇ ಪ್ರಶ್ನೆಯ ಮೇಲೆಯೇ ನಿಂತಿತ್ತು: ಕೇಡು ಲೋಹದ ಒಳಗಿನದೋ, ಹೊರಗಿನಿಂದ ಬಂದದ್ದೋ? ಸಿದ್ಧಾಂತಿಗಳಿಗೆ ಉತ್ತರ ಒಂದೇ ಇತ್ತು. ಟಾಕಿಗೆ ಎರಡೂ ಉತ್ತರ ಸಾಧ್ಯ, ಅದನ್ನು ಆಮೇಲೆ ನೋಡೋಣ.

3. ಕಲಾಯಿಗಾರನ ಕೆಲಸ

ತಾಮ್ರದ ಬಂಬ, ಹಂಡೆ, ಕೊಡ, ಹಿತ್ತಾಳೆಯ ಬೋಗುಣಿ, ತಪೇಲಿ. ಇವನ್ನು ಮಾರುತ್ತಿದ್ದವರು ಕನ್ನಡದಲ್ಲಿ ಬೋಗಾರರು, ಮರಾಠಿಯಲ್ಲಿ ಕಾಸಾರರು. ಕಾಪಾಡುತ್ತಿದ್ದವನು ಕಲಾಯಿಗಾರ. 'ಕಲಾಯಿ' ಮೂಲದಲ್ಲಿ ಅರಬ್ಬಿ ಪದ, ತವರ ಎಂದರ್ಥ. ಬಹುತೇಕ ಮುಸಲ್ಮಾನ ಕುಟುಂಬಗಳ ಕಸುಬು. ಓಣಿಯಲ್ಲಿ ಕೂಗು ಕೇಳಿದರೆ ಹೆಂಗಸರು ಅಟ್ಟದಿಂದ ಪಾತ್ರೆ ಇಳಿಸುತ್ತಿದ್ದರಂತೆ.

ಕೆಲಸದ ಕ್ರಮ ಹೀಗೆ. ನೆಲದಲ್ಲಿ ಸಣ್ಣ ಕುಳಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಬೆಂಕಿ ಮಾಡುವುದು. ಪಾತ್ರೆಯನ್ನು ಮರಳು, ಹುಣಸೆಹುಳಿ ಹಾಕಿ ತಿಕ್ಕಿ ಹಳೆಯ ಮಸಿ, ಕಿಲುಬು ತೆಗೆಯುವುದು. ಆಮೇಲೆ ಕಾಯಿಸಿ, ಒಳಗೆ ನವಸಾಗರದ ಪುಡಿ ಎರಚುವುದು. ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕೊನೆಯ ಕೊಳೆಯೂ ಬಿಡುತ್ತದೆ. ತಕ್ಷಣ ತವರದ ಕಡ್ಡಿ ಮುಟ್ಟಿಸಿದರೆ ಕರಗುತ್ತದೆ, ಯಾಕೆಂದರೆ ತವರ ಕರಗುವುದು 232 ಡಿಗ್ರಿಗೇ. ಅರಳೆಯಿಂದ ಒಂದೇ ಸಲ ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯ ಹಾಗೆ. ಆದರೆ ತವರ ಮೆದು. ಸವೆಯುತ್ತದೆ. ಹಾಗಾಗಿ ಕಲಾಯಿಗಾರ ಮತ್ತೆ ಮತ್ತೆ ಬರಲೇಬೇಕು. ಪಾತ್ರೆ ಕೊಂಡವರಿಗೆ ಇದು ಮೊದಲೇ ಗೊತ್ತಿತ್ತು. ಕಲಾಯಿ ಹೋಯಿತು ಅಂತ ಯಾರೂ ಬೋಗಾರನ ಜೊತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಲೋಹಕ್ಕೆ ಕಾವಲು ಬೇಕು, ಕಾವಲಿಗೆ ಕೂಲಿ ಬೇಕು, ಅಷ್ಟೇ.

4. 'ಕಲೆಯಿಲ್ಲದ' ಎಂಬ ಮಾತು

ಇನ್ನು ಸ್ಟೀಲು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ಬಂದೂಕಿನ ನಳಿಕೆಗಾಗಿ ಕ್ರೋಮಿಯಂ ಬೆರೆಸಿದ ಉಕ್ಕನ್ನು ಪರೀಕ್ಷಿಸುತ್ತಿದ್ದಾಗ ಅದು ಸುಲಭಕ್ಕೆ ಕೆಡದಿರುವುದನ್ನು ಕಂಡ. ಸರಿಸುಮಾರು ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲೂ ಇಂಥ ಉಕ್ಕು ತಯಾರಾಗಿತ್ತು. ಬ್ರೇರ್ಲಿ ಮೊದಲು ಅದನ್ನು 'ತುಕ್ಕಿಲ್ಲದ ಉಕ್ಕು' ಎಂಬರ್ಥದಲ್ಲಿ ಕರೆದ. ಚಾಕು ತಯಾರಿಸುವ ಅರ್ನೆಸ್ಟ್ ಸ್ಟುವರ್ಟ್ ಅದನ್ನು ವಿನೆಗರ್ ಹಾಕಿ ನೋಡಿ 'ಸ್ಟೇನ್‌ಲೆಸ್', ಅಂದರೆ ಕಲೆಯಿಲ್ಲದ್ದು ಅಂದ. ಮಾರಾಟಕ್ಕೆ ಒಳ್ಳೆಯ ಹೆಸರು, ಆದರೆ ಹೆಸರಿನೊಳಗೆ ಒಂದು ಭರವಸೆಯೂ ಸೇರಿಕೊಂಡಿತು.

ನಮ್ಮಲ್ಲಿ 1980ರ ದಶಕದ ಆರಂಭಕ್ಕೆ ಸೇಲಂ ಉಕ್ಕು ಕಾರ್ಖಾನೆಯ ಹಾಳೆಗಳು ಬರತೊಡಗಿದವು, ಸ್ಟೀಲಿನ ಪಾತ್ರೆ ಮನೆಮನೆಗೂ ಹೊಕ್ಕಿತು. ಕನ್ನಡ ಇಲ್ಲಿ ಒಂದು ಕುತೂಹಲದ ಕೆಲಸ ಮಾಡಿತು. ಇಂಗ್ಲಿಷಿನ ಎರಡು ಪದದಲ್ಲಿ 'ಸ್ಟೇನ್‌ಲೆಸ್' ಬಿಟ್ಟು 'ಸ್ಟೀಲ್' ಮಾತ್ರ ಇಟ್ಟುಕೊಂಡಿತು. ಮನೆಯಲ್ಲಿ ಸ್ಟೀಲ್ ಅಂದರೆ ತುಕ್ಕು ಹಿಡಿಯದ್ದು, ತುಕ್ಕು ಹಿಡಿದರೆ ಅದು ಕಬ್ಬಿಣ. ಶೆಡ್ಡಿನ ಭಾಷೆ ಬೇರೆ: ಅಲ್ಲಿ 'ಎಸ್.ಎಸ್.' ಮತ್ತು 'ಎಂ.ಎಸ್.', ಸ್ಟೇನ್‌ಲೆಸ್ ಮತ್ತು ಮೈಲ್ಡ್. ಎರಡೂ ಉಕ್ಕೇ, ಎರಡರಲ್ಲೂ ಹೆಚ್ಚು ಪಾಲು ಕಬ್ಬಿಣವೇ ಅನ್ನುವುದು ಶೆಡ್ಡಿಗೆ ಗೊತ್ತು, ಮನೆಗೆ ಗೊತ್ತಿಲ್ಲ.

ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ 10.5 ಪ್ರತಿಶತ ಕ್ರೋಮಿಯಂ ಇರಬೇಕು. ಸಾಮಾನ್ಯವಾಗಿ ಬಳಸುವ 304 ದರ್ಜೆಯಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್. 316 ದರ್ಜೆಯಲ್ಲಿ 2ರಿಂದ 3 ಪ್ರತಿಶತ ಮಾಲಿಬ್ಡಿನಂ ಕೂಡ ಇರುತ್ತದೆ, ಉಪ್ಪನ್ನು ತಡೆಯಲು. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ತೆಳು. ಗೀರಿದರೆ ಹರಿಯುತ್ತದೆ, ಗಾಳಿ ಸಿಕ್ಕರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಕಲಾಯಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಅಲ್ಲಿ ಪೊರೆಯನ್ನು ಮನುಷ್ಯ ಹಾಕುತ್ತಾನೆ, ಇಲ್ಲಿ ಲೋಹವೇ ಹಾಕಿಕೊಳ್ಳುತ್ತದೆ. ಆದರೆ ಹಾಕಿಕೊಳ್ಳಲು ಮೈ ಶುಚಿಯಾಗಿರಬೇಕು. ಆ ಶುಚಿ ಮಾಡುವವನು ಮನುಷ್ಯನೇ.

5. ಬ್ರೂವರಿಯ ನೀರು ಮತ್ತು ಟಾಕಿಯ ತುಕ್ಕು

ಬಿಯರಿನಲ್ಲಿ 90 ಪ್ರತಿಶತಕ್ಕಿಂತ ಹೆಚ್ಚು ನೀರೇ. ಹಳೆಯ ಬ್ರೂವರಿಗಳಲ್ಲಿ ಕುದಿಸುವ ಪಾತ್ರೆ ತಾಮ್ರದ್ದು. ಇಂಗ್ಲೆಂಡಿನಲ್ಲಿ ಅದು ಸ್ಟೀಲಿನದಾದ ಮೇಲೂ ಅದನ್ನು ತಾಮ್ರ ಎಂಬರ್ಥದ 'ಕಾಪರ್' ಎಂದೇ ಕರೆಯುತ್ತಾರೆ. ನಮ್ಮ 'ತಂಬಿಗೆ'ಯೂ ತಾಮ್ರದಿಂದಲೇ ಬಂದ ಪದ ಅನ್ನುತ್ತಾರೆ, ಈಗ ಪ್ಲಾಸ್ಟಿಕ್ ತಂಬಿಗೆಯೂ ಉಂಟು. ಲೋಹ ಹೋದರೂ ಹೆಸರು ಉಳಿಯುತ್ತದೆ. ಬೆಂಗಳೂರಿನಲ್ಲಿ 2011ರ ಹೊತ್ತಿಗೆ ಸಣ್ಣ ಬ್ರೂವರಿಗಳು ಶುರುವಾದ ಮೇಲೆ ನೀರು ಕಾಯಿಸುವ, ಕೂಡಿಡುವ ಸ್ಟೀಲ್ ಟಾಕಿಗಳಿಗೆ ಬೇಡಿಕೆ ಹೆಚ್ಚಿತು.

ಇಂಥ ಟಾಕಿಗೆ ತುಕ್ಕು ಬರುವ ದಾರಿಗಳು ಹಲವು. ಮಾಮಾನಿಂದ ಕೇಳಿದ್ದು, ಓದಿದ್ದು ಸೇರಿಸಿ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಹೊರಗಿನ ಕಬ್ಬಿಣ. ಎಂ.ಎಸ್. ಉಜ್ಜಿದ ಗ್ರೈಂಡರಿನ ಚಕ್ರವನ್ನೇ ಎಸ್.ಎಸ್.ಗೆ ಹಚ್ಚಿದರೆ, ಕಬ್ಬಿಣದ ತಂತಿ ಬ್ರಶ್ಶಿನಿಂದ ತಿಕ್ಕಿದರೆ ಕಣಗಳು ಮೈಗೆ ಕಚ್ಚಿಕೊಳ್ಳುತ್ತವೆ. ನೀರು ತಾಗಿದ ಮೇಲೆ ಆ ಕಣಗಳು ತುಕ್ಕಾಗುತ್ತವೆ, ನೋಡಿದವರಿಗೆ ಟಾಕಿಯೇ ಕೆಟ್ಟಂತೆ ಕಾಣುತ್ತದೆ. ಎರಡನೆಯದು ಬೆಸುಗೆ. ಕಾವಿಗೆ ಬೆಸುಗೆಯ ಪಕ್ಕ ನೀಲಿ-ಕಂದು ಬಣ್ಣ ಏರುತ್ತದೆ. ಅದರ ಕೆಳಗಿನ ಪದರದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಪೊರೆ ಸರಿಯಾಗಿ ಕಟ್ಟುವುದಿಲ್ಲ. ಮೂರನೆಯದು ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಮತ್ತು ಕ್ಲೋರಿನ್. ಇವು ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸೂಜಿಮೊನೆಯಂಥ ಕುಳಿ ಮಾಡುತ್ತವೆ. ನೀರಿನ ಮಟ್ಟದ ಗೆರೆಯಲ್ಲಿ, ಸುಣ್ಣದ ಪದರದ ಅಡಿಯಲ್ಲಿ ಇದು ಹೆಚ್ಚು. ಬಿಸಿನೀರಿನ ಟಾಕಿಯಲ್ಲಿ ಸುಮಾರು 60 ಡಿಗ್ರಿ ದಾಟಿದ ಮೇಲೆ ಇದೇ ಕ್ಲೋರೈಡಿನಿಂದ 304 ದರ್ಜೆಯ ಉಕ್ಕು ಸೀಳು ಬಿಡುವ ಅಪಾಯವೂ ಇದೆ. ನಾಲ್ಕನೆಯದು ತುಕ್ಕೇ ಅಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅದು ಗೋಡೆಗೆ ಕಂದು ಲೇಪವಾಗಿ ಕೂರುತ್ತದೆ. ಅದು ನೀರಿನ ದೋಷ, ಟಾಕಿಯದಲ್ಲ.

ನೋಡಿ, ಕಲಾಯಿಯಲ್ಲಿ ಎರಚುತ್ತಿದ್ದ ನವಸಾಗರ ಕೂಡ ಒಂದು ಕ್ಲೋರೈಡೇ, ಅಮೋನಿಯಂ ಕ್ಲೋರೈಡ್. ತಾಮ್ರವನ್ನು ಶುಚಿ ಮಾಡಿ ಉಳಿಸಿದ ಅದೇ ಕ್ಲೋರೈಡ್ ಸ್ಟೀಲಿಗೆ ವೈರಿ. ಹಳೆಯ ಜ್ಞಾನವನ್ನು ಹೊಸ ಲೋಹಕ್ಕೆ ಹಾಗೇ ಹಚ್ಚಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಗಲಿಲ್ಲ.

ಕ್ಲೋರಿನ್ನಿನ ವಿಷಯದಲ್ಲಿ ಇಚಲಕರಂಜಿಯವರಿಗೆ ಇನ್ನೊಂದು ನೆನಪಿದೆ. ಪಂಚಗಂಗೆಯ ಮಾಲಿನ್ಯ ಎಲ್ಲರಿಗೂ ಗೊತ್ತಿರುವ ಸಂಗತಿ. 2012ರಲ್ಲಿ ಊರಿನಲ್ಲಿ ಕಾಮಾಲೆ ಹರಡಿ ಸಾವುಗಳೂ ಆದವು. ಕುಡಿಯುವ ನೀರಿಗೆ ಕ್ಲೋರಿನ್ ಬೇಡ ಅಂತ ಆ ಊರಿನಲ್ಲಿ ಯಾರೂ ಹೇಳಲಾರರು. ಮನುಷ್ಯನನ್ನು ಕಾಯುವುದೇ ಸ್ಟೀಲನ್ನು ತಿನ್ನುತ್ತದೆ. ಹಾಗಾಗಿ ಬ್ರೂವರಿಯವರು ನಳದ ನೀರನ್ನು ಇದ್ದಿಲಿನ ಫಿಲ್ಟರಿನಿಂದ ಹಾಯಿಸಿ ಕ್ಲೋರಿನ್ ತೆಗೆಯುತ್ತಾರೆ. ರುಚಿಗೂ ಅದು ಬೇಕು, ಇಲ್ಲದಿದ್ದರೆ ಬಿಯರಿಗೆ ಔಷಧದ ವಾಸನೆ ಬರುತ್ತದೆ.

6. ರಿಪೇರಿ

ಮರಳಿ ಬಂದ ಟಾಕಿಯನ್ನು ಸರಿ ಮಾಡಿದ ಕ್ರಮವನ್ನು ಮಾಮಾ ಹೇಳಿದಂತೆ ಬರೆದುಕೊಂಡೆ. ಮೊದಲು ಒರೆಸಿ ನೋಡುವುದು: ಬರೀ ಲೇಪವೋ, ಅಡಿಯಲ್ಲಿ ಕುಳಿ ಇದೆಯೋ. ಕುಳಿ ಆಳವಾಗಿದ್ದರೆ ತೊಳೆದು ಪ್ರಯೋಜನವಿಲ್ಲ, ಆ ಜಾಗ ಕತ್ತರಿಸಿ ಹೊಸ ತುಂಡು ಹಾಕಬೇಕು. ಇವರ ಟಾಕಿಯಲ್ಲಿ ಇದ್ದದ್ದು ಮೇಲ್ಮೈಯ ಚುಕ್ಕೆ. ಎಣ್ಣೆ ಜಿಡ್ಡು ಹೋಗುವಂತೆ ಕ್ಷಾರದ ದ್ರಾವಣದಿಂದ ತೊಳೆದು, ನೀರು ಹಾಯಿಸಿ, ಆಮೇಲೆ ಸಿಟ್ರಿಕ್ ಆಮ್ಲ. ಪ್ಯಾಸಿವೇಶನ್ ಅಂತ ಕರೆಯುವ ಈ ಕೆಲಸಕ್ಕೆ ಒಪ್ಪಿತ ಪ್ರಮಾಣ 4ರಿಂದ 10 ಪ್ರತಿಶತ. 20ರಿಂದ 50 ಡಿಗ್ರಿ ಬಿಸಿಯಲ್ಲಿ ಕನಿಷ್ಠ 20 ನಿಮಿಷ, ಇನ್ನೂ ಬಿಸಿ ಮಾಡಿದರೆ ಕಡಿಮೆ ಹೊತ್ತು ಸಾಕು. ಆಮ್ಲ ಹೊರಗಿನ ಕಬ್ಬಿಣವನ್ನು ಕರಗಿಸುತ್ತದೆ, ಕ್ರೋಮಿಯಂ ಪೊರೆಯನ್ನು ಮುಟ್ಟುವುದಿಲ್ಲ. ಮತ್ತೆ ಚೆನ್ನಾಗಿ ತೊಳೆದು, ಒಣಗಿಸಿ, ಗಾಳಿಗೆ ಬಿಡಬೇಕು.

ಬೆಸುಗೆಯ ಸುಟ್ಟ ಬಣ್ಣಕ್ಕೆ ಸಿಟ್ರಿಕ್ ಸಾಲುವುದಿಲ್ಲ. ಅದಕ್ಕೆ ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದ ಪೇಸ್ಟ್ ಹಚ್ಚುತ್ತಾರೆ. ಹೈಡ್ರೋಫ್ಲೋರಿಕ್ ಚರ್ಮದೊಳಗೆ ಇಳಿದು ಎಲುಬಿನವರೆಗೆ ಹೋಗಬಲ್ಲದು. ಕೈಗವಸಿಲ್ಲದೆ ಮುಟ್ಟುವ ವಸ್ತು ಅಲ್ಲ. ಮುಚ್ಚಿದ ಟಾಕಿಯೊಳಗೆ ಒಬ್ಬನೇ ಇಳಿಯುವುದೂ, ಬ್ಲೀಚಿಂಗ್ ಮತ್ತು ಆಮ್ಲ ಬೆರೆಸುವುದೂ ಜೀವಕ್ಕೇ ಅಪಾಯ.

ಶುಚಿಯಾಯಿತೋ ಇಲ್ಲವೋ ನೋಡಲು ಮೈಲುತುತ್ತದ ಪರೀಕ್ಷೆ ಇದೆ: ದ್ರಾವಣ ಹಚ್ಚಿದಾಗ ಕಬ್ಬಿಣದ ಕಣ ಇದ್ದ ಕಡೆ ತಾಮ್ರದ ಬಣ್ಣ ಮೂಡುತ್ತದೆ. ಆದರೆ ಆಹಾರದ ಪಾತ್ರೆಗೆ ಅದು ನಿಷಿದ್ಧ. ಅಲ್ಲಿ ಶುದ್ಧ ನೀರಿನಿಂದಲೇ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಒಂದು ದಿನ ಕಾಯುವುದು. ಚುಕ್ಕೆ ಬರಲಿಲ್ಲ ಅಂದರೆ ಸರಿ. ಮಾಮಾನ ಟಾಕಿಗೆ ಮತ್ತೆ ಚುಕ್ಕೆ ಬರಲಿಲ್ಲ. ಅಂದರೆ ಮಾಲು ಕಳಪೆಯಾಗಿರಲಿಲ್ಲ. ಎಂ.ಎಸ್., ಎಸ್.ಎಸ್. ಎರಡಕ್ಕೂ ಒಂದೇ ಗ್ರೈಂಡರ್ ಕೊಟ್ಟದ್ದು, ಕೊನೆಯ ಆಮ್ಲದ ತೊಳೆತಕ್ಕೆ ಒಂದು ದಿನ ಕೊಡದೆ ಲಾರಿಗೆ ಏರಿಸಿದ್ದು ಕಾರಣ. ಕಡಿತವಾದ ಪಗಾರ ವಾಪಸ್ ಬರಲಿಲ್ಲ.

ಹುಣಸೆಹುಳಿಯಿಂದ ತಿಕ್ಕುತ್ತಿದ್ದ ಕಲಾಯಿಗಾರ, ನಿಂಬೆಯ ಹುಳಿಯಿಂದ ತೊಳೆಯುವ ವೆಲ್ಡರ್. ಇಬ್ಬರ ಕೆಲಸದ ತರ್ಕ ಒಂದೇ. ಮೊದಲು ಹುಳಿಯಿಂದ ಶುಚಿ, ಆಮೇಲೆ ಪೊರೆ. ಆದರೆ ಮೊದಲಿನವನಿಗೆ ಹೆಸರಿತ್ತು, ಕೂಗಿತ್ತು, ಕೂಲಿ ಇತ್ತು. ಎರಡನೆಯವನ ಈ ಕೆಲಸಕ್ಕೆ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಮನೆಮಾತಿನ ಹೆಸರಿಲ್ಲ. ಹೆಸರಿಲ್ಲದ ಕೆಲಸಕ್ಕೆ ಬಿಲ್ಲಿನಲ್ಲೂ ಸಾಲು ಇರುವುದಿಲ್ಲ. ತಪ್ಪಾದಾಗ ಮಾತ್ರ ಅದು ನೆನಪಾಗುತ್ತದೆ.

ಸಂವಾದ

ಪ್ರಶ್ನೆ (ಒಬ್ಬ ಅಧ್ಯಾಪಕರು): ಇದು ಲೋಹಶಾಸ್ತ್ರ ಆಯಿತು. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಏನು ಕೆಲಸ?

ಉತ್ತರ: ಸರ್, ನಿಘಂಟಿನ ಕೆಲಸ ಅಂತ ತಿಳಿದುಕೊಂಡಿದ್ದೇನೆ. 'ಕಿಲುಬು' ಎಂಬ ಪದ ಗೊತ್ತಿದ್ದ ಮನೆಯಲ್ಲಿ ಪಾತ್ರೆ ಕೆಟ್ಟರೆ ಏನು ಮಾಡಬೇಕು ಅನ್ನುವುದೂ ಗೊತ್ತಿತ್ತು. 'ಸ್ಟೀಲ್' ಎಂಬ ಪದ ಮಾತ್ರ ಗೊತ್ತಿರುವ ಮನೆಯಲ್ಲಿ, ಕೆಟ್ಟರೆ ಯಾರನ್ನು ಬಯ್ಯಬೇಕು ಅನ್ನುವುದಷ್ಟೇ ಗೊತ್ತು. ಈ ವ್ಯತ್ಯಾಸ ಭಾಷೆಯೊಳಗೆ ನಡೆದದ್ದು. ಅದನ್ನು ಲೋಹಶಾಸ್ತ್ರದವರು ಬರೆಯುವುದಿಲ್ಲ, ನಾವೇ ಬರೆಯಬೇಕು.

ಪ್ರಶ್ನೆ (ಒಬ್ಬ ಸಹಪಾಠಿ): ಹಾಗಾದರೆ ತಾಮ್ರಕ್ಕೆ ವಾಪಸ್ ಹೋಗೋದೇ ಒಳ್ಳೆಯದಾ? ಈಗ ಎಲ್ಲರೂ ತಾಮ್ರದ ಬಾಟಲಿ ಕೊಳ್ತಾ ಇದ್ದಾರೆ.

ಉತ್ತರ: ನಾನು ಹಾಗೆ ಹೇಳುತ್ತಿಲ್ಲ. ನವಸಾಗರದ ಹೊಗೆ ಕುಡಿದ ಕಲಾಯಿಗಾರನ ಎದೆ, ದಿನಾ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿದ ನಮ್ಮ ಆಯಿಯ ಕೈ, ಇವೆರಡನ್ನೂ ಮರೆತು ಹಳೆಯದನ್ನು ಹೊಗಳಲು ನನಗೆ ಮನಸ್ಸಿಲ್ಲ. ಸ್ಟೀಲು ಬಂದಾಗ ಆಯಿಗೆ ಖುಷಿಯೇ ಆಗಿತ್ತಂತೆ. ನಾನು ಕೇಳುತ್ತಿರುವುದು ಇಷ್ಟೇ: ಸ್ಟೀಲಿಗೂ ಆರೈಕೆ ಬೇಕು ಅಂತ ಒಪ್ಪಿಕೊಳ್ಳೋಣ, ಅದನ್ನು ಮಾಡುವವರಿಗೆ ಒಂದು ದಿನದ ಸಮಯ, ಬೇರೆ ಬ್ರಶ್ಶು, ಕೈಗವಸು, ಕೂಲಿ ಕೊಡೋಣ. ಮಾಮಾ ಈಗ ಬೇರೆ ಶೆಡ್ಡಿನಲ್ಲಿದ್ದಾರೆ. ಅಲ್ಲಿ ಎಸ್.ಎಸ್.ನ ಗ್ರೈಂಡರಿಗೆ ಹಸಿರು ಬಣ್ಣದ ಪಟ್ಟಿ ಹಚ್ಚಿ ಬೇರೆ ಮೊಳೆಗೆ ತೂಗುಹಾಕಿದ್ದಾರೆ. ಹಚ್ಚಿದವರು ಅವರೇ.